ಅಪ್ಪನಿಗೆ ಪೇಸ್‌ಮೇಕರ್ ಹಾಕಿಸಬೇಕಂತೆ. ಮೈಯೊಳಗೆ ಯಂತ್ರ ಇಟ್ಟುಕೊಂಡು ಬದುಕುತ್ತಿರುವವರು ಸ್ವಲ್ಪ ಹೇಳಿ

ಅಡಿಕೆತೋಟ_ತೀರ್ಥಹಳ್ಳಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಆಸ್ಪತ್ರೆ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ.

ಅಪ್ಪನಿಗೆ 71. ಎರಡು ತಿಂಗಳಲ್ಲಿ ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದರು. ಮೊದಲನೇ ಸಲ ಅಂಗಳದಲ್ಲಿ ಅಡಿಕೆ ಹರವುವಾಗ. ಬಿಸಿಲಿಗೆ ಹೀಗಾಯ್ತು ಅಂತ ಮಜ್ಜಿಗೆ ಕೊಟ್ಟು ಮಲಗಿಸಿದೆವು. ಎರಡನೇ ಸಲ ತೋಟದ ಬಸಿಗಾಲುವೆ ಪಕ್ಕ. ಕೊನೆಗೌಡ (ಅಡಿಕೆ ಕೊನೆ ಕೊಯ್ಯುವವ) ಮರದ ಮೇಲಿಂದ ನೋಡಿ ಕೂಗಿದ, ಇಲ್ಲದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಶಿವಮೊಗ್ಗಕ್ಕೆ ಕರೆತಂದಾಗ ನಾಡಿ 34. "ಕಂಪ್ಲೀಟ್ ಹಾರ್ಟ್ ಬ್ಲಾಕ್" ಅಂದರು. ಬ್ಲಾಕ್ ಅಂದ ಕೂಡಲೇ ನಾವು ಸ್ಟೆಂಟ್ ಅಂದುಕೊಂಡೆವು. ಅದಲ್ಲವಂತೆ, ಇದು ಕರೆಂಟಿನ ಬ್ಲಾಕ್ ಅಂತೆ. ಈಗ ತೊಡೆಸಂದಿಯಿಂದ ತಾತ್ಕಾಲಿಕ ವೈರ್ ಹಾಕಿ ಐಸಿಯುನಲ್ಲಿ ಇಟ್ಟಿದ್ದಾರೆ. ನಾಡಿದ್ದು ಪರ್ಮನೆಂಟ್ ಹಾಕುತ್ತಾರಂತೆ.

ಒಂದು ಹಾಳೆಯಲ್ಲಿ ಮೂರು ರೇಟು ಬರೆದುಕೊಟ್ಟರು. ಒಂದು ವೈರಿನದು, ಎರಡು ವೈರಿನದು, ಎಂಆರ್‌ಐ ಆಗುವಂಥ ಎರಡು ವೈರಿನದು. ಹೋಟೆಲ್ ತಿಂಡಿ ಪಟ್ಟಿ ಇದ್ದ ಹಾಗಿದೆ. ನಾಳೆ ಸಂಜೆಯೊಳಗೆ ಯಾವುದು ಅಂತ ಹೇಳಬೇಕು. ನಮ್ಮದು ಎಪಿಎಲ್ ಕಾರ್ಡು.

ಇದರ ಮೇಲೆ ಅಪ್ಪ ಬೇಡ ಅಂತ ಹಟ ಹಿಡಿದಿದ್ದಾರೆ. "ಯಂತ್ರ ಹಾಕಿದ ಮೇಲೆ ನಾನು ತೋಟಕ್ಕೆ ಇಳಿಯೋ ಹಾಗಿಲ್ಲ, ಮತ್ಯಾಕೆ ಬದುಕಬೇಕು" ಅಂತಾರೆ. ಆಮೇಲೆ ಮೆಲ್ಲಗೆ ಇನ್ನೊಂದು ಕೇಳಿದರು: "ಅದು ಬಡೀತಾನೇ ಇದ್ರೆ ನಾನು ಸಾಯೋದು ಹೇಗೆ?" ನನಗೆ ಉತ್ತರ ಗೊತ್ತಾಗಲಿಲ್ಲ.

ಕ್ಯಾಥ್‌ಲ್ಯಾಬ್_ಸಿಸ್ಟರ್ · ಸೋಮವಾರ ರಾತ್ರಿ 10:05

ಅಣ್ಣ, ಮೊದಲು ಅಪ್ಪನ ಎರಡನೇ ಪ್ರಶ್ನೆ. ಹನ್ನೊಂದು ವರ್ಷದಿಂದ ಕ್ಯಾಥ್ ಲ್ಯಾಬಿನಲ್ಲಿದ್ದೇನೆ (ಹೃದಯಕ್ಕೆ ವೈರು, ಸ್ಟೆಂಟ್ ಹಾಕುವ ಕೋಣೆ). ಈ ಮಾತನ್ನು ತುಂಬ ಜನ ಕೇಳುತ್ತಾರೆ, ಆದರೆ ಡಾಕ್ಟರ ಹತ್ತಿರ ಕೇಳುವುದಿಲ್ಲ, ನಾವು ಬಿಪಿ ನೋಡುವಾಗ ಕೇಳುತ್ತಾರೆ.

ಪೇಸ್‌ಮೇಕರ್ ಕೊಡುವುದು ಕಿಡಿ ಮಾತ್ರ. ಬಡಿಯಬೇಕಾದದ್ದು ಹೃದಯದ ಸ್ನಾಯು. ಜೀವ ಹೋಗುವ ಹೊತ್ತಿಗೆ ಆ ಸ್ನಾಯು ಕಿಡಿಗೆ ಓಗೊಡುವುದಿಲ್ಲ. ನಿಮ್ಮ ತೋಟದ ಪಂಪ್‌ಸೆಟ್ಟಿನ ಲೆಕ್ಕದಲ್ಲಿ ಹೇಳಿ: ಕರೆಂಟ್ ಇದ್ದರೂ ಬಾವಿಯಲ್ಲಿ ನೀರಿಲ್ಲದಿದ್ದರೆ ಪಂಪು ಏನನ್ನು ಎತ್ತುತ್ತದೆ? ಅಪ್ಪನಿಗೆ ಅರ್ಥವಾಗುತ್ತದೆ.

ಆಪರೇಷನ್ ದೊಡ್ಡದಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಸಾಮಾನ್ಯವಾಗಿ ಎಡ ಭುಜದ ಹತ್ತಿರ, ಕಾಲರ್ ಮೂಳೆಯ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಚರ್ಮದಡಿ ಚಿಕ್ಕ ಜೇಬು ಮಾಡುತ್ತೇವೆ. ರಕ್ತನಾಳದೊಳಗಿಂದ ವೈರು ಹೃದಯಕ್ಕೆ ಇಳಿಯುತ್ತದೆ, ಪೇಸ್‌ಮೇಕರ್ ಡಬ್ಬಿ ಆ ಜೇಬಿನಲ್ಲಿ ಕೂರುತ್ತದೆ. ಒಂದು ಒಂದೂವರೆ ಗಂಟೆ. ಡಬ್ಬಿಯ ತೂಕ 20ರಿಂದ 30 ಗ್ರಾಂ, ಅಷ್ಟೆ.

ಆಮೇಲೆ ನಾಲ್ಕರಿಂದ ಆರು ವಾರ ಆ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು. ಹೊಸ ವೈರು ಕಳಚಿಕೊಳ್ಳಬಹುದು. ಹಾಗಂತ ಕೈಯನ್ನು ಮೈಗೆ ಕಟ್ಟಿ ಹಾಕಿದ ಹಾಗೆ ಇಟ್ಟರೆ ಭುಜ ಹಿಡಿದುಕೊಳ್ಳುತ್ತದೆ. ನಮ್ಮ ಕಡೆ ಮನೆಯವರು ಇದನ್ನೇ ಮಾಡುವುದು, ಪ್ರೀತಿ ಜಾಸ್ತಿಯಾಗಿ.

ಮೊಬೈಲ್ ಯಾವ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ?

ಅಡಿಕೆತೋಟ_ತೀರ್ಥಹಳ್ಳಿ · ಸೋಮವಾರ ರಾತ್ರಿ 10:11

ಎಡ ಜೇಬು. ಅದರ ಜೊತೆ ಎಲೆಅಡಿಕೆ ಚೀಲ, ಸುಣ್ಣದ ಡಬ್ಬಿ, ಎಲ್ಲ ಅಲ್ಲೇ.

ಕ್ಯಾಥ್‌ಲ್ಯಾಬ್_ಸಿಸ್ಟರ್ · ಸೋಮವಾರ ರಾತ್ರಿ 10:14

ಎಲೆಅಡಿಕೆ ಇರಲಿ (ಅದನ್ನೂ ಬಿಡಿಸಿ, ಆದರೆ ಅದು ಬೇರೆ ಜಗಳ). ಮೊಬೈಲು ಪೇಸ್‌ಮೇಕರಿನ ಡಬ್ಬಿಯಿಂದ 15 ಸೆಂಟಿಮೀಟರ್ ದೂರ ಇರಬೇಕು. ಮಾತಾಡುವಾಗ ಬಲ ಕಿವಿ.

ಕೊಡಗಿನ_ಕಾಫಿ · ಸೋಮವಾರ ರಾತ್ರಿ 10:30

ಡಬ್ಬಿ ಯಾವ ಕಡೆ ಅನ್ನುವುದು ಚಿಕ್ಕ ಮಾತಲ್ಲ. ನಮ್ಮ ಮಾವ ಎಡಗೈಯವರು. ಕೋವಿಯ ಹಿಂಬದಿ ಅವರ ಎಡ ಭುಜಕ್ಕೆ ಒದೆಯುತ್ತದೆ. ಡಾಕ್ಟರ ಹತ್ತಿರ ಮೊದಲೇ ಹೇಳಿ ಬಲಗಡೆ ಹಾಕಿಸಿಕೊಂಡರು. ಡಾಕ್ಟರು ನಕ್ಕರಂತೆ, ಆದರೆ ಒಪ್ಪಿದರು. ಕೈಲ್ ಪೊಳ್ದ್‌ಗೆ ತೆಂಗಿನಕಾಯಿಗೆ ಗುಂಡು ಹೊಡೆಯದಿದ್ದರೆ ಮಾವನಿಗೆ ಅದು ಹಬ್ಬವೇ ಅಲ್ಲ. ನಿಮ್ಮ ಅಪ್ಪ ಯಾವ ಹೆಗಲ ಮೇಲೆ ಏನು ಹೊರುತ್ತಾರೆ ಅಂತ ಈಗಲೇ ಯೋಚಿಸಿ.

ಮನೆಮದ್ದು_ಮಂಜಣ್ಣ · ಸೋಮವಾರ ರಾತ್ರಿ 10:52

ಆತುರ ಪಡಬೇಡಿ. ಅರ್ಜುನ ಚಕ್ಕೆ ಕಷಾಯ ನಲವತ್ತು ದಿನ ಕುಡಿಸಿ ನೋಡಿ. ನಮ್ಮ ಕಡೆ ಒಬ್ಬರಿಗೆ ಬ್ಲಾಕ್ ಕರಗಿದೆ.

ಹುಬ್ಬಳ್ಳಿ_ಬಯೋಮೆಡಿಕಲ್ · ಸೋಮವಾರ ರಾತ್ರಿ 11:02

ಮಂಜಣ್ಣ, ನಿಮ್ಮ ಒಳ್ಳೆ ಮನಸ್ಸಿಗೆ ಒಂದು ನಮಸ್ಕಾರ. ಆದರೆ ಇಲ್ಲಿ ಕರಗುವ ವಸ್ತುವೇ ಇಲ್ಲ. ಮೇಲಿನ ಕೋಣೆಯಲ್ಲಿ ಹುಟ್ಟುವ ವಿದ್ಯುತ್ತು ಕೆಳಗಿನ ಕೋಣೆಗೆ ಇಳಿಯುತ್ತಿಲ್ಲ. ಕೆಳಗಿನದು ತನ್ನ ಪಾಡಿಗೆ 30, 40 ಸಲ ಬಡಿದುಕೊಳ್ಳುತ್ತಿದೆ. ಅದೂ ನಿಂತರೆ ನಲವತ್ತು ದಿನ ಯಾರು ಕೊಡುತ್ತಾರೆ? ತಾತ್ಕಾಲಿಕ ವೈರಿನ ಮೇಲಿರುವ ಮನುಷ್ಯನ ಮನೆಯವರಿಗೆ ಇದನ್ನು ಹೇಳಬೇಡಿ, ದಯವಿಟ್ಟು.

ತೀರ್ಥಹಳ್ಳಿ ಸರ್, ಆ ಮೂರು ರೇಟಿನ ಹಾಳೆಗೆ ಬರೋಣ. ನಾನು ಉಪಕರಣಗಳ ಕೆಲಸದವನು, ಡಾಕ್ಟರ್ ಅಲ್ಲ. ನಾಳೆ ಬೆಳಿಗ್ಗೆ ರೌಂಡ್ಸಿಗೆ ಬಂದಾಗ ಇಷ್ಟು ಕೇಳಿ: "ಮೇಲಿನ ಕೋಣೆಯ ಬಡಿತ ಸರಿಯಾಗಿದೆಯಾ, ಅಥವಾ ಏಟ್ರಿಯಲ್ ಫಿಬ್ರಿಲೇಷನ್ ಇದೆಯಾ?" (ಅಂದರೆ ಮೇಲಿನ ಕೋಣೆ ತಾಳ ತಪ್ಪಿ ಅದುರುವುದು.) ಮೇಲಿನ ಕೋಣೆ ಸರಿಯಿದ್ದರೆ ಎರಡು ವೈರು ಹಾಕಿದಾಗ ಮೇಲಿನದೂ ಕೆಳಗಿನದೂ ತಾಳ ತಪ್ಪದೆ ನಡೆಯುತ್ತವೆ. ತೋಟದ ಏರು ಹತ್ತುವವರಿಗೆ ಅದು ಒಳ್ಳೆಯದು. ಮೇಲಿನ ಕೋಣೆ ಯಾವಾಗಲೂ ಫಿಬ್ರಿಲೇಷನ್‌ನಲ್ಲೇ ಇದ್ದರೆ ಎರಡನೇ ವೈರಿಗೆ ಅಲ್ಲಿ ಕೆಲಸವಿಲ್ಲ, ದುಡ್ಡು ದಂಡ.

ಎಂಆರ್‌ಐ ಆಗುವಂಥದ್ದು ಸುಮ್ನೆ ಆಡಂಬರವಲ್ಲ. ಮುಂದೆ ಬೆನ್ನಿಗೋ ತಲೆಗೋ ಸ್ಕ್ಯಾನ್ ಬೇಕಾದರೆ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ ಇಂಥದ್ದಕ್ಕೆ ಮೊದಲ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಆದರೆ ಡಬ್ಬಿ ಮಾತ್ರ ಆ ಥರದ್ದಾದರೆ ಸಾಲದು, ವೈರುಗಳೂ ಆಗಿರಬೇಕು. ಇದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಬೆಲೆ ವಿಷಯ. ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಸರ್ಕಾರ ಮಿತಿ ಹಾಕಿತು: ಔಷಧಿ ಲೇಪನದ್ದಕ್ಕೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260. ಪೇಸ್‌ಮೇಕರಿಗೆ ಆ ಥರ ಮಿತಿ ಬಂದಿಲ್ಲ. ವರ್ಷಕ್ಕೆ ಶೇಕಡಾ 10ಕ್ಕಿಂತ ಜಾಸ್ತಿ ಎಂಆರ್‌ಪಿ ಏರಿಸಬಾರದು ಅಂತ ಮಾತ್ರ ಇದೆ. ಹಾಗಾಗಿ ಇಲ್ಲಿ ಚೌಕಾಸಿಗೆ ಜಾಗ ಇದೆ, ನಾಚಿಕೊಳ್ಳಬೇಡಿ. ಎಪಿಎಲ್ ಅಂದಿರಿ, ಆರೋಗ್ಯ ಕರ್ನಾಟಕದಲ್ಲಿ ಪ್ಯಾಕೇಜಿನ ಶೇಕಡಾ 30 ನಿಮಗೂ ಸಿಗಬಹುದು. ಆರೋಗ್ಯ ಮಿತ್ರರ ಕೌಂಟರ್ ಹುಡುಕಿ. ಅಡ್ಮಿಟ್ ಆದ ಮೇಲೆ ಕೇಳಿದರೆ ತಡ ಅಂತಾರೆ, ಆದರೂ ಕೇಳಿ.

ತೋಟ ಬಿಡಬೇಕಿಲ್ಲ. ಕಳೆ ಕೊಚ್ಚುವ ಮಿಷನ್ನಿನ ಎಂಜಿನ್ ಓಡುವಾಗ ಎದೆಯಿಂದ ಒಂದಡಿ ದೂರ ಇರಲಿ, ಅದರ ಬೆಲ್ಟು ಡಬ್ಬಿಯ ಮೇಲೆ ಉಜ್ಜಬಾರದು. ಪಂಪಿನ ಸ್ಟಾರ್ಟರ್ ಒತ್ತಬಹುದು, ಬಿಚ್ಚಿ ರಿಪೇರಿ ಮಾಡುವುದು ಬೇಡ. ವೆಲ್ಡಿಂಗ್ ಹತ್ತಿರ ಹೋಗಬಾರದು. ಐಬೆಕ್ಸ್ ಬೇಲಿ (ಕರೆಂಟಿನ ಬೇಲಿ) ಇದ್ದರೆ ಅದನ್ನು ಆನ್ ಆಫ್ ಮಾಡುವ ಕೆಲಸ ಇನ್ನು ನಿಮ್ಮದು. ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಅದರಿಂದ ಎರಡಡಿ.

ಅಡಿಕೆತೋಟ_ತೀರ್ಥಹಳ್ಳಿ · ಮಂಗಳವಾರ ಬೆಳಿಗ್ಗೆ 6:20

ಸಿಸ್ಟರ್, ಬಾವಿ ಮಾತು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ ಮತ್ತೆ, ಬಾವಿ ಬತ್ತುವ ತನಕ" ಅಂದರು. ಒಪ್ಪಿಗೆ ಅಂತಲೇ ಅಂದುಕೊಂಡಿದ್ದೇನೆ.

ಸ್ಟಾಕ್‌ಹೋಮ್_ಸುಬ್ಬು · ಮಂಗಳವಾರ ಬೆಳಿಗ್ಗೆ 11:15

ನಾನಿರುವ ಊರಿನಲ್ಲೇ ಇದು ಶುರುವಾದದ್ದು, ಹಾಗಾಗಿ ಹೇಳದೆ ಇರಲಾರೆ. 1958ರ ಅಕ್ಟೋಬರ್ 8. ಕರೊಲಿನ್ಸ್ಕಾ ಆಸ್ಪತ್ರೆ. ಆರ್ನೆ ಲಾರ್ಸನ್ ಎಂಬ 43 ವರ್ಷದವರಿಗೂ ನಿಮ್ಮ ಅಪ್ಪನದೇ ಕಾಯಿಲೆ, ದಿನಕ್ಕೆ ಎಷ್ಟೋ ಸಲ ಪ್ರಜ್ಞೆ ತಪ್ಪುತ್ತಿತ್ತು. ಅವರ ಹೆಂಡತಿ ಎಲ್ಸ್-ಮರಿ ಡಾಕ್ಟರ ಹತ್ತಿರವೂ ಎಂಜಿನಿಯರ್ ಹತ್ತಿರವೂ ಹೋಗಿ ಬೆನ್ನು ಹತ್ತಿದರು. ಡಾಕ್ಟರು ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್. ಆ ಯಂತ್ರಕ್ಕೆ ಅಚ್ಚು ಏನು ಗೊತ್ತಾ? ಶೂ ಪಾಲಿಷ್ ಡಬ್ಬಿ! ಅದರಲ್ಲಿ ಎಪಾಕ್ಸಿ ಹೊಯ್ದು ಮಾಡಿದ್ದು. ಮೊದಲನೆಯದು ಕೆಲವೇ ಗಂಟೆ ನಡೆದು ಕೆಟ್ಟಿತು, ಇನ್ನೊಂದು ಹಾಕಿದರು. ಆ ಮನುಷ್ಯ ಬದುಕಿನುದ್ದಕ್ಕೂ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸಿಕೊಂಡು 86 ವರ್ಷ ಬದುಕಿದರು. ತೀರಿಕೊಂಡದ್ದು 2001ರಲ್ಲಿ, ಹೃದಯದಿಂದಲ್ಲ, ಕ್ಯಾನ್ಸರಿನಿಂದ. ಅಷ್ಟು ಹೊತ್ತಿಗೆ ಯಂತ್ರ ಮಾಡಿದವರೂ ಹಾಕಿದವರೂ ಇಬ್ಬರೂ ಹೋಗಿಯಾಗಿತ್ತು.

ಇವತ್ತಿನ ಬ್ಯಾಟರಿ ಎಂಟರಿಂದ ಹನ್ನೆರಡು ವರ್ಷ ಬರುತ್ತದೆ ಅನ್ನುತ್ತಾರೆ. ಅಪ್ಪನಿಗೆ ಹೇಳಿ, 83ನೇ ವರ್ಷದಲ್ಲಿ ಇನ್ನೊಂದು ಹಾಕಿಸುವ ಜಗಳ ಆಗ ಆಡಿದರಾಯಿತು.

ಟಿಕ್‌ಟಿಕ್_ಅಕ್ಕ · ಮಂಗಳವಾರ ಮಧ್ಯಾಹ್ನ 2:30

ಎಲ್ಲರೂ ಡಬ್ಬಿ ಬಗ್ಗೆ ಮಾತಾಡುತ್ತಿದ್ದೀರಿ, ನನ್ನದು ವಾಲ್ವು. ಚಿಕ್ಕವಳಿದ್ದಾಗ ಗಂಟಲು ನೋವು, ಕೀಲು ಬಾವಿನ ಜ್ವರ ಬಂದು ಹೃದಯದ ಕವಾಟ ಹಾಳಾಗಿತ್ತು. 24ನೇ ವಯಸ್ಸಿಗೆ ಎದೆ ಸೀಳಿ ಕಾರ್ಬನ್ನಿನ ಕವಾಟ ಹಾಕಿದರು. ಈಗ 17 ವರ್ಷ.

ಅದಕ್ಕೆ ಸದ್ದಿದೆ. ಹಗಲು ಗೊತ್ತಾಗುವುದಿಲ್ಲ. ರಾತ್ರಿ ಫ್ಯಾನ್ ನಿಂತು ಕರೆಂಟ್ ಹೋದರೆ ಕೋಣೆ ತುಂಬ ಟಿಕ್ ಟಿಕ್. ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರು ಎದ್ದು ಕೂತು ಗೋಡೆ ಗಡಿಯಾರ ತೆಗೆದು ಹೊರಗಿಟ್ಟು ಬಂದರು. ಬಂದು ಮಲಗಿದರೆ ಸದ್ದು ಇನ್ನೂ ಇದೆ! ಆಮೇಲೆ ಮಗಳು ಹುಟ್ಟಿದಾಗ ಆ ಸದ್ದಿಲ್ಲದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ.

ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯ ಹುಡುಗಿಗೆ ಹಾಕಿದ್ದು ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಮಾಡಿದ್ದು. ಮೊದಲು ಮಾಡಿದ ಮೂರು ಮಾದರಿ ಕೈಕೊಟ್ಟು, ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ಅವರೇ ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದರು. ಅದರ ತಟ್ಟೆ ಪ್ಲಾಸ್ಟಿಕ್ಕಿನದು, ಸದ್ದು ಕಡಿಮೆ, ರೇಟೂ ಕಡಿಮೆ. ನನಗೆ ಆಗ ಹೊಟ್ಟೆಕಿಚ್ಚು.

ನಿಜವಾದ ಕಷ್ಟ ಸದ್ದಲ್ಲ. ಮಾತ್ರೆ. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ಸಾಯುವ ತನಕ ಅಸಿಟ್ರಾಮ್. ರಕ್ತ ಎಷ್ಟು ತೆಳುವಾಗಿದೆ ಅಂತ ಐಎನ್‌ಆರ್ ಟೆಸ್ಟು. ನನ್ನದು ಮೈಟ್ರಲ್ ಕವಾಟ, 2.5ರಿಂದ 3.5ರ ಒಳಗಿರಬೇಕು. ಒಂದು ಮಳೆಗಾಲ ತವರಿಗೆ ಹೋಗಿದ್ದೆ. ಅಮ್ಮ ಪ್ರೀತಿಯಿಂದ ದಿನಾ ಸೊಪ್ಪು. ಹರಿವೆ, ಮೆಂತ್ಯ, ನುಗ್ಗೆಸೊಪ್ಪಿನ ಪಲ್ಯ, ಬಸ್ಸಾರು. ಹದಿನೈದು ದಿನಕ್ಕೆ ಐಎನ್‌ಆರ್ 1.6ಕ್ಕೆ ಇಳಿದಿತ್ತು. ಡಾಕ್ಟರು ಬೈದರು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಗೆ ಎದುರಾಳಿಯಂತೆ. ಅಂದರೆ ಸೊಪ್ಪು ಬಿಡಬೇಕು ಅಂತಲ್ಲ, ಒಂದೇ ಲೆಕ್ಕದಲ್ಲಿ ತಿನ್ನಬೇಕು. ಇದನ್ನು ಡಿಸ್ಚಾರ್ಜ್ ದಿನ ಯಾರೂ ಬಿಡಿಸಿ ಹೇಳಿರಲಿಲ್ಲ, "ಸೊಪ್ಪು ಕಡಿಮೆ" ಅಂತ ಒಂದು ಸಾಲು ಬರೆದಿದ್ದರು.

ಇನ್ನು ಹೆಣ್ಣುಮಕ್ಕಳ ಕಷ್ಟ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ. ಮಗು ಬೇಕೆಂದರೆ ಮೊದಲ ಮೂರು ತಿಂಗಳು ಈ ಮಾತ್ರೆ ಮಗುವಿಗೆ ಅಪಾಯ. ಹಾಗಾಗಿ ನನಗೆ ಅದನ್ನು ನಿಲ್ಲಿಸಿ ದಿನಕ್ಕೆರಡು ಸಲ ಹೊಟ್ಟೆಗೆ ಹೆಪಾರಿನ್ ಸೂಜಿ. ಹೊಟ್ಟೆಯೆಲ್ಲ ನೀಲಿ. ಬಸುರಾಗುವ ಮೊದಲೇ ಹೃದಯದ ಡಾಕ್ಟರನ್ನೂ ಹೆರಿಗೆ ಡಾಕ್ಟರನ್ನೂ ಒಟ್ಟಿಗೆ ಕಂಡು ಮಾತಾಡಬೇಕು. ಗಂಡು ಹುಡುಕುವಾಗ "ಇವಳಿಗೆ ಆಪರೇಷನ್ ಆಗಿದೆ" ಅಂತ ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟರೆ ಈ ಮಾತ್ರೆಯನ್ನು ಎಲ್ಲಿ ಮುಚ್ಚಿಡುತ್ತೀರಿ?

ಧಾರವಾಡ_ಮಾಸ್ತರ · ಮಂಗಳವಾರ ಸಂಜೆ 5:10

ತಂಗಿ, ಓದಿ ಕಣ್ಣು ತುಂಬಿತು. ಗೋಡೆ ಗಡಿಯಾರದ ಹತ್ತಿರ ನಗುವೂ ಬಂತು.

ನನ್ನದು ಎರಡೂ ಮಂಡಿ. ರಿಟೈರ್ ಆದ ಮೇಲೆ ಹಾಕಿಸಿದೆ. ಆಸೆ ಒಂದೇ ಇತ್ತು, ಪಂಕ್ತಿಯಲ್ಲಿ ನೆಲಕ್ಕೆ ಕೂತು ಊಟ ಮಾಡಬೇಕು. ಹಾಕುವ ಮೊದಲು "ಎಲ್ಲಾ ಮಾಡಬಹುದು ಸರ್" ಅಂದಿದ್ದರು. ಹಾಕಿದ ಮೇಲೆ "ನೆಲಕ್ಕೆ ಕೂರುವುದು ಬೇಡ, ಮಂಡಿ ಬೇಗ ಸವೆಯುತ್ತದೆ" ಅಂದರು. ನೋವು ಹೋಯಿತು, ಸುಳ್ಳು ಹೇಳಬಾರದು. ಮೆಟ್ಟಿಲು ಹತ್ತುತ್ತೇನೆ, ಕರ್ನಾಟಕ ಕಾಲೇಜಿನ ತನಕ ನಡೆಯುತ್ತೇನೆ. ಆದರೆ ಮದುವೆ ಮನೆಯಲ್ಲಿ ಎಲ್ಲರೂ ಕೆಳಗೆ, ನಾನೊಬ್ಬ ಕುರ್ಚಿಯ ಮೇಲೆ, ಮಠಾಧೀಶರ ಹಾಗೆ.

ಇನ್ನೊಂದು ಸಿಟ್ಟಿದೆ. ನನಗೆ "ಬಂಗಾರದ ಬಣ್ಣದ್ದು ತಗೊಳ್ಳಿ, ಮೂವತ್ತು ವರ್ಷ ಬರುತ್ತದೆ" ಅಂತ ಜಾಸ್ತಿ ರೊಕ್ಕದ್ದು ಹಾಕಿದರು. 2017ರ ಆಗಸ್ಟಿನಲ್ಲೇ ಸರ್ಕಾರ ಮಂಡಿಗೂ ಮಿತಿ ಹಾಕಿತ್ತು, ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂದಕ್ಕೆ 54,720 ರೂಪಾಯಿ. ನನಗೆ ಅದು ಆಮೇಲೆ ಗೊತ್ತಾಯಿತು. ಮೂವತ್ತು ವರ್ಷ ಬರುತ್ತದೋ ಇಲ್ಲವೋ ನೋಡಲು ನಾನು ತೊಂಬತ್ತೆಂಟರ ತನಕ ಇರಬೇಕು. ಒಳ್ಳೆಯ ವ್ಯಾಪಾರ!

ಬಿಲ್ಲಿನಲ್ಲಿ ಕಂಪನಿ ಹೆಸರೇ ಇಲ್ಲ. "ಇಂಪ್ಲಾಂಟ್ ಚಾರ್ಜಸ್" ಅಂತ ಅಷ್ಟೇ ಇದೆ.

ಹುಬ್ಬಳ್ಳಿ_ಬಯೋಮೆಡಿಕಲ್ · ಮಂಗಳವಾರ ಸಂಜೆ 7:45

ಮಾಸ್ತರೇ, ಆ ಕೊನೆಯ ಸಾಲಿಗೆ ನಾನು ಇಡೀ ದಿನ ಕಾಯುತ್ತಿದ್ದೆ.

ಮೈಯೊಳಗೆ ಹಾಕುವ ಪ್ರತಿಯೊಂದು ವಸ್ತುವಿನ ಪೆಟ್ಟಿಗೆಯಲ್ಲಿ ಮೂರು ನಾಲ್ಕು ಸ್ಟಿಕ್ಕರ್ ಇರುತ್ತವೆ. ಕಂಪನಿ, ಮಾಡೆಲ್, ಲಾಟ್ ನಂಬರ್ ಅಥವಾ ಸೀರಿಯಲ್ ನಂಬರ್. ಒಂದನ್ನು ಆಪರೇಷನ್ ಥಿಯೇಟರಿನಲ್ಲೇ ಕೇಸ್ ಶೀಟಿಗೆ ಅಂಟಿಸುತ್ತಾರೆ. ಇನ್ನೊಂದು ನಿಮ್ಮ ಡಿಸ್ಚಾರ್ಜ್ ಕಾಗದದ ಮೇಲೆ ಇರಬೇಕು. ಕೇಳದಿದ್ದರೆ ಕಸದ ಬುಟ್ಟಿಗೆ.

ಇದು ಯಾಕೆ ಬೇಕು ಅಂದರೆ, 2010ರ ಆಗಸ್ಟಿನಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಗುಂಪಿನ ಡಿಪ್ಯೂ ಕಂಪನಿ ತನ್ನ ಎಎಸ್‌ಆರ್ ಸೊಂಟದ ಕೀಲನ್ನು ಜಗತ್ತಿನೆಲ್ಲೆಡೆಯಿಂದ ವಾಪಸ್ ಕರೆಯಿತು. ಲೋಹದ ಮೇಲೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿತ್ತು. ನಮ್ಮ ದೇಶದಲ್ಲಿ ಸುಮಾರು 4,700 ಆಪರೇಷನ್ ಆಗಿದ್ದವು. ಸರ್ಕಾರದ ಸಮಿತಿ ವಿಚಾರಿಸುವ ಹೊತ್ತಿಗೆ 3,600ಕ್ಕೂ ಹೆಚ್ಚು ಜನ ಎಲ್ಲಿದ್ದಾರೆ ಅಂತಲೇ ಪತ್ತೆ ಇಲ್ಲ. 2018ರಲ್ಲಿ 30 ಲಕ್ಷದಿಂದ 1.23 ಕೋಟಿ ತನಕ ಪರಿಹಾರದ ಸೂತ್ರ ಬಂತು. ಆದರೆ ಪರಿಹಾರ ಕೇಳಲು ನಿನ್ನ ಸೊಂಟದಲ್ಲಿರುವುದು ಅದೇ ಅಂತ ತೋರಿಸಬೇಕಲ್ಲ? ಎಷ್ಟೋ ಜನ ಇವತ್ತಿಗೂ "ವಯಸ್ಸಾಯ್ತು, ಸೊಂಟ ನೋಯುತ್ತೆ" ಅಂದುಕೊಂಡು ಎಣ್ಣೆ ತಿಕ್ಕುತ್ತಿರಬಹುದು.

ಕಾರಿಗೆ ಆರ್‌ಸಿ ಬುಕ್ ಇದೆ, ಎಮ್ಮೆಗೂ ಕಿವಿಯಲ್ಲಿ ಬಿಲ್ಲೆ ಇದೆ. ನಮ್ಮ ಮಂಡಿಗೆ ಏನೂ ಇಲ್ಲ.

ಮಾಸ್ತರೇ, ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಅರ್ಜಿ ಕೊಟ್ಟು ಕೇಸ್ ಶೀಟಿನ ಜೆರಾಕ್ಸ್ ತೆಗೆದುಕೊಳ್ಳಿ, ಇವತ್ತೇ. ಯಾವುದಾದರೂ ಉಪಕರಣದಿಂದ ತೊಂದರೆಯಾದರೆ ರೋಗಿಯೇ ನೇರವಾಗಿ ದೂರು ಕೊಡಬಹುದು. ಮೆಟೀರಿಯೋವಿಜಿಲೆನ್ಸ್ ಅಂತ ಕೇಂದ್ರದ ಕಾರ್ಯಕ್ರಮ 2015ರಿಂದ ಇದೆ, ಗಾಜಿಯಾಬಾದಿನ ಫಾರ್ಮಕೋಪಿಯ ಆಯೋಗ ನೋಡಿಕೊಳ್ಳುತ್ತದೆ. ಹೆಸರು ಹೇಳಲು ಕಷ್ಟ, ದೂರು ಕೊಡುವುದು ಅಷ್ಟು ಕಷ್ಟವಲ್ಲ.

ರೊಟ್ಟಿಸದ್ದು · ಮಂಗಳವಾರ ರಾತ್ರಿ 9:00

ನಾನು ಕಲಬುರಗಿ ಕಡೆಯವಳು, ಮಗನಿಗಾಗಿ ಮೈಸೂರಿನಲ್ಲಿದ್ದೇವೆ. ಹುಟ್ಟಿನಿಂದ ಅವನಿಗೆ ಕೇಳಿಸುತ್ತಿರಲಿಲ್ಲ. ಮೂರು ವರ್ಷಕ್ಕೆ ಕಾಕ್ಲಿಯರ್ ಇಂಪ್ಲಾಂಟ್ ಆಯಿತು. ಒಳಗೆ ಒಂದು ತುಂಡು, ಹೊರಗೆ ಕಿವಿಯ ಮೇಲೆ ಒಂದು ಯಂತ್ರ, ನಡುವೆ ಚರ್ಮ, ಆಯಸ್ಕಾಂತದಿಂದ ಅಂಟಿಕೊಳ್ಳುತ್ತದೆ.

ಆಪರೇಷನ್ ಆದ ದಿನವೇ ಮಗ "ಅಮ್ಮ" ಅನ್ನುತ್ತಾನೆ ಅಂದುಕೊಂಡಿದ್ದೆ. ಯಂತ್ರ ಆನ್ ಮಾಡಿದ್ದೇ ಸುಮಾರು ಒಂದು ತಿಂಗಳ ಮೇಲೆ. ಆನ್ ಮಾಡಿದ ಕೂಡಲೇ ಅವನು ಕಿರುಚಿ ಅತ್ತು ಕಿತ್ತು ಎಸೆದ. ವಿಡಿಯೋಗಳಲ್ಲಿ ಮಕ್ಕಳು ನಗುತ್ತವೆ, ನನ್ನ ಮಗ ಅತ್ತ. ಆಮೇಲೆ ವಾರ ವಾರ ಮ್ಯಾಪಿಂಗ್ (ಯಂತ್ರದ ಸದ್ದನ್ನು ಅವನಿಗೆ ಹೊಂದಿಸುವುದು), ಥೆರಪಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಓಡಾಟ. ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ರೊಟ್ಟಿ ತಟ್ಟುತ್ತಿದ್ದೆ. ಅವನು ಬೆನ್ನು ಹಾಕಿ ಆಡುತ್ತಿದ್ದ. ತಟ್ಟುವುದು ನಿಲ್ಲಿಸಿದೆ, ತಿರುಗಿ ನೋಡಿದ. ಮತ್ತೆ ತಟ್ಟಿದೆ, ಆಟಕ್ಕೆ ತಿರುಗಿದ. ನಿಲ್ಲಿಸಿದೆ, ನೋಡಿದ. ಆವತ್ತು ಅಷ್ಟೂ ರೊಟ್ಟಿ ಹೊತ್ತಿಹೋದವು.

ಈಗ ಚಿಂತೆ ಬೇರೆ. ಒಳಗಿನ ತುಂಡು ಸರ್ಕಾರದ ಯೋಜನೆಯಲ್ಲಿ ಬಂತು. ಹೊರಗಿನ ಯಂತ್ರದ ವಾರಂಟಿ ಮುಗಿದಿದೆ. ಕೇಬಲ್ ಹೋದರೆ ಸಾವಿರಗಟ್ಟಲೆ, ಯಂತ್ರವೇ ಹೋದರೆ ಲಕ್ಷ ಲಕ್ಷ. "ಈ ಮಾಡೆಲ್ ಇನ್ನು ಬರುವುದಿಲ್ಲ, ಹೊಸದಕ್ಕೆ ಹೋಗಿ" ಅಂತಾರೆ. ಒಳಗಿನದು ಒಂದು ಕಂಪನಿಯದಾದ ಮೇಲೆ ಹೊರಗಿನದಕ್ಕೆ ಬೇರೆ ಅಂಗಡಿಗೆ ಹೋಗುವ ಹಾಗಿಲ್ಲ. ಜೀವಮಾನದ ಸಂಬಂಧ ಕಟ್ಟಿದ್ದಾರೆ, ವಾರಂಟಿ ಮಾತ್ರ ಕೆಲವೇ ವರ್ಷದ್ದು.

ಮೌನಮಾತು · ಮಂಗಳವಾರ ರಾತ್ರಿ 9:35

ನಾನು ಕಿವುಡ. ಇಂಪ್ಲಾಂಟ್ ಇಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಅಕ್ಕ, ನಿಮ್ಮ ನಿರ್ಧಾರ ತಪ್ಪು ಅನ್ನುವುದಿಲ್ಲ. ಒಂದು ಮಾತು ಕೇಳುತ್ತೇನೆ. ಮಗನಿಗೆ ಸನ್ನೆ ಭಾಷೆ ಕಲಿಸುತ್ತಿದ್ದೀರಾ? ಯಂತ್ರ ಕೆಟ್ಟ ದಿನ, ಸ್ನಾನ ಮಾಡುವಾಗ, ಬ್ಯಾಟರಿ ಮುಗಿದಾಗ ಅವನಿಗೆ ಭಾಷೆಯೇ ಇಲ್ಲದ ಹಾಗೆ ಆಗಬಾರದು.

ರೊಟ್ಟಿಸದ್ದು · ಮಂಗಳವಾರ ರಾತ್ರಿ 9:50

ಇಲ್ಲ ಅಣ್ಣ. ಸನ್ನೆ ಕಲಿಸಿದರೆ ಮಾತು ಕಲಿಯುವುದಿಲ್ಲ ಅಂತ ಹೇಳಿದ್ದರು, ಹೆದರಿ ಬಿಟ್ಟೆ.

ಮೌನಮಾತು · ಮಂಗಳವಾರ ರಾತ್ರಿ 9:58

ಹೆದರಬೇಡಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮಗು ಎರಡನ್ನೂ ಕಲಿಯುವುದಿಲ್ಲವಾ? ಇನ್‌ಬಾಕ್ಸ್‌ಗೆ ಬನ್ನಿ, ವಿಡಿಯೋ ಕಳಿಸುತ್ತೇನೆ.

ಬಿಎಂಟಿಸಿ_ಪ್ರಯಾಣಿಕ · ಮಂಗಳವಾರ ರಾತ್ರಿ 10:20

ನನಗಿರುವುದು ಐಸಿಡಿ. ಪೇಸ್‌ಮೇಕರಿನ ದೊಡ್ಡಣ್ಣ. ಬಡಿತ ಅಡ್ಡಾದಿಡ್ಡಿಯಾದರೆ ಒಳಗಿನಿಂದಲೇ ಶಾಕ್ ಕೊಡುತ್ತದೆ. ಒಂದು ಸಲ ಬಸ್ಸಿನಲ್ಲಿ ಕೊಟ್ಟಿತು. ಎದೆಗೆ ಕತ್ತೆ ಒದ್ದ ಹಾಗೆ. ಪಕ್ಕದವರು ಯಾರೋ ಜಗಳಕ್ಕೆ ಬಂದರು ಅಂದುಕೊಂಡೆ. ಜೀವ ಉಳಿಯಿತು. ಆದರೆ ಆರು ತಿಂಗಳು ಆ ರೂಟಿನ ಬಸ್ ಹತ್ತಲಿಲ್ಲ. ಮುಂದಿನ ಶಾಕ್ ಯಾವಾಗ ಅಂತ ಕಾಯುವುದೇ ಒಂದು ಕಾಯಿಲೆ. ಮನೋವೈದ್ಯರ ಹತ್ತಿರ ಹೋದ ಮೇಲೆ ಸರಿಹೋಯಿತು, ನಾಚಿಕೆ ಏನಿಲ್ಲ.

ಇದನ್ನು ಹ್ಯಾಕ್ ಮಾಡಿ ಕೊಲ್ಲಬಹುದು ಅಂತ ಒಂದು ಫಾರ್ವರ್ಡ್ ಸುತ್ತುತ್ತಿದೆ. ನಿಜವಾ?

ಹುಬ್ಬಳ್ಳಿ_ಬಯೋಮೆಡಿಕಲ್ · ಮಂಗಳವಾರ ರಾತ್ರಿ 10:45

ಪೂರ್ತಿ ಸುಳ್ಳಲ್ಲ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ಇದೇ ಹೆದರಿಕೆಗೆ 2007ರಲ್ಲಿ ತಮ್ಮ ಯಂತ್ರದ ವೈರ್‌ಲೆಸ್ ಬಂದ್ ಮಾಡಿಸಿದ್ದರು. 2017ರಲ್ಲಿ ಅಲ್ಲಿ 4,65,000 ಪೇಸ್‌ಮೇಕರ್‌ಗಳಿಗೆ ಸಾಫ್ಟ್‌ವೇರ್ ಸರಿಪಡಿಸಿಕೊಳ್ಳಿ ಅಂತ ಸೂಚನೆ ಬಂತು, ಆಪರೇಷನ್ ಬೇಕಿರಲಿಲ್ಲ, ಆಸ್ಪತ್ರೆಗೆ ಹೋಗಿ ಕೆಲವು ನಿಮಿಷ ಕೂತರೆ ಸಾಕಿತ್ತು. ನಿಮ್ಮನ್ನು ಹ್ಯಾಕ್ ಮಾಡಲು ಯಾರೂ ಹೊಂಚು ಹಾಕಿಲ್ಲ ಸರ್. ಫೋನ್ ಕವರಿನ ಆಯಸ್ಕಾಂತಕ್ಕೆ ಹೆದರಿ. ಐಸಿಡಿ ಮೇಲೆ ಆಯಸ್ಕಾಂತ ಬಂದರೆ ಅಷ್ಟು ಹೊತ್ತು ಅದು ಶಾಕ್ ಕೊಡುವುದನ್ನೇ ನಿಲ್ಲಿಸಬಹುದು. ಮೆಟ್ರೋದಲ್ಲಿ ನಿಮ್ಮ ಐಸಿಡಿ ಕಾರ್ಡ್ ತೋರಿಸಿ, ಲೋಹ ಪತ್ತೆ ಮಾಡುವ ಬಾಗಿಲಿನಲ್ಲಿ ನಿಲ್ಲದೆ ದಾಟಿ, ಕೈಯಲ್ಲಿ ಹಿಡಿಯುವ ತಪಾಸಣೆಯ ಪಟ್ಟಿಯನ್ನು ಎದೆ ಹತ್ತಿರ ಆಡಿಸಲು ಬಿಡಬೇಡಿ.

ಕೊಡಗಿನ_ಕಾಫಿ · ಮಂಗಳವಾರ ರಾತ್ರಿ 10:58

ನಮ್ಮ ಅಜ್ಜಿ ಇದನ್ನೆಲ್ಲ ಓದಿಸಿಕೊಂಡು "ಅಯ್ಯೋ ಪಾಪ, ಮೈಯೊಳಗೆ ಏನೇನೋ ಇಟ್ಟುಕೊಂಡಿದ್ದಾರೆ" ಅಂದರು. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿ ಲೆನ್ಸ್ ಇದೆ ಅಂತ ನೆನಪು ಮಾಡಿದೆ. "ಅದು ಕಣ್ಣು, ಯಂತ್ರ ಅಲ್ಲ" ಅಂದರು.

ಅಡಿಕೆತೋಟ_ತೀರ್ಥಹಳ್ಳಿ · ಬುಧವಾರ ಬೆಳಿಗ್ಗೆ 5:50

ಮೇಲಿನ ಕೋಣೆ ಸರಿ ಇದೆಯಂತೆ. ಎರಡು ವೈರಿನದು, ಎಂಆರ್‌ಐ ಆಗುವಂಥದ್ದು ಅಂತ ಹೇಳಿದೆ. ಕೇಳಿದ್ದಕ್ಕೆ ರೇಟು ಸ್ವಲ್ಪ ಇಳಿಯಿತು.

ರಾತ್ರಿ ಅಪ್ಪ ಇನ್ನೊಂದು ಕೇಳಿದರು. ಪಕ್ಕದ ಹಾಸಿಗೆಯವರು ಹೇಳಿದರಂತೆ, ಸುಡುವಾಗ ಇದು ಸಿಡಿಯುತ್ತದೆ ಅಂತ. ಸಿಸ್ಟರ್, ಹೌದಾ?

ಕ್ಯಾಥ್‌ಲ್ಯಾಬ್_ಸಿಸ್ಟರ್ · ಬುಧವಾರ ಬೆಳಿಗ್ಗೆ 7:05

ಹೌದು. ಬಿಗಿಯಾಗಿ ಮುಚ್ಚಿದ ಬ್ಯಾಟರಿ ಬೆಂಕಿಗೆ ಸಿಡಿಯುತ್ತದೆ. ವಿದ್ಯುತ್ ಚಿತಾಗಾರವಾಗಲಿ, ಕಟ್ಟಿಗೆಯಾಗಲಿ, ಮೊದಲು ಡಾಕ್ಟರಿಂದ ತೆಗೆಸಬೇಕು. ಚಿಕ್ಕ ಗಾಯ, ಐದು ಹತ್ತು ನಿಮಿಷದ ಕೆಲಸ. ಕಷ್ಟ ಏನೆಂದರೆ ಆ ಹೊತ್ತಿಗೆ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ, ನೆನಪಿದ್ದವರಿಗೆ ಹೇಳಲು ಬಾಯಿ ಬರುವುದಿಲ್ಲ. ಅಪ್ಪನೇ ಕೇಳಿದ್ದು ಒಳ್ಳೆಯದಾಯಿತು. ನಿಮಗೂ ತಮ್ಮಂದಿರಿಗೂ ಗೊತ್ತಿರಲಿ. ತೆಗೆದದ್ದನ್ನು ಎಸೆಯಬೇಡಿ, ಆಸ್ಪತ್ರೆಗೇ ಕೊಡಿ.

ಇವತ್ತು ಆ ಮಾತು ಸಾಕು. ಬೆಳಿಗ್ಗೆ ಏನೂ ತಿನ್ನಿಸಿಲ್ಲ ತಾನೇ?

ಅಡಿಕೆತೋಟ_ತೀರ್ಥಹಳ್ಳಿ · ಹನ್ನೆರಡು ದಿನದ ಮೇಲೆ

ತಡವಾಗಿ ಬರೆಯುತ್ತಿದ್ದೇನೆ, ಬೈಕೋಬೇಡಿ. ಅಪ್ಪ ಮನೆಯಲ್ಲಿದ್ದಾರೆ. ನಾಡಿ 60ರ ಕೆಳಗೆ ಇಳಿಯುವುದಿಲ್ಲ. ದಿನಕ್ಕೆ ಹತ್ತು ಸಲ ತಾವೇ ಬೆರಳಿಟ್ಟು ಎಣಿಸುತ್ತಾರೆ. ಕೊನೆಗೌಡನಿಗೂ ಎಣಿಸಲು ಕಲಿಸಿದ್ದಾರೆ, ಅವನಿಗೆ 72 ಬಂತು, ಅಪ್ಪನಿಗೆ ಸ್ವಲ್ಪ ಬೇಜಾರಾಯಿತು.

ತೋಟಕ್ಕೆ ಇಳಿದಿಲ್ಲ ಇನ್ನೂ. ಮೇಲಿನ ದಾರಿಯಲ್ಲಿ ನಿಂತು ನಮಗೆಲ್ಲ ಕೆಲಸ ಹೇಳುತ್ತಾರೆ. ಎಡಗೈಯನ್ನು ಪಂಚೆಗೆ ಸಿಕ್ಕಿಸಿ ಅಲುಗಾಡಿಸದೆ ಇಟ್ಟಿದ್ದರು, ಸಿಸ್ಟರ್ ಹೇಳಿದ ಭುಜದ ಮಾತು ಹೇಳಿ ಬಿಡಿಸಿದೆ. ಮೊಬೈಲ್ ಈಗ ಸೊಂಟದಲ್ಲಿ.

ಡಿಸ್ಚಾರ್ಜ್ ದಿನ ಸ್ಟಿಕ್ಕರ್ ಕೇಳಿದೆ. ಬಿಲ್ಲಿಂಗ್‌ನವರಿಗೆ ಅದೇನು ಅಂತ ಗೊತ್ತಿರಲಿಲ್ಲ. ಕ್ಯಾಥ್ ಲ್ಯಾಬಿಗೇ ಹೋದೆ, ಅಲ್ಲಿನ ಹುಡುಗ ಪೆಟ್ಟಿಗೆ ಹುಡುಕಿ ಮೂರು ಸ್ಟಿಕ್ಕರ್ ಕೊಟ್ಟ, ಡಬ್ಬಿಯದೊಂದು, ವೈರಿನದೆರಡು. ತಾತ್ಕಾಲಿಕ ಕಾರ್ಡ್ ಕೊಟ್ಟಿದ್ದಾರೆ, ಖಾಯಂ ಕಾರ್ಡು ಪೋಸ್ಟಿನಲ್ಲಿ ಬರುತ್ತದಂತೆ.

ಧಾರವಾಡ_ಮಾಸ್ತರ · ಅದೇ ದಿನ

ಭೇಷ್. ನನ್ನ ಕೇಸ್ ಶೀಟಿಗೆ ಅರ್ಜಿ ಕೊಟ್ಟು ಒಂಬತ್ತು ದಿನ. "ನಾಳೆ ಬನ್ನಿ" ಅಂತಾರೆ. ನಡೆದೇ ಹೋಗುತ್ತಿದ್ದೇನೆ. ಮಂಡಿ ಗಟ್ಟಿ ಇದೆ, ದಿನಾ ಹೋಗಬಲ್ಲೆ.

ಹುಬ್ಬಳ್ಳಿ_ಬಯೋಮೆಡಿಕಲ್ · ಅದೇ ದಿನ

ತೀರ್ಥಹಳ್ಳಿ ಸರ್, ಕಾರ್ಡ್ ಈಗ ಎಲ್ಲಿದೆ? ಬೀರುವಿನಲ್ಲಿ ಅಂತ ಮಾತ್ರ ಹೇಳಬೇಡಿ. ಅಪ್ಪನ ಮೈಮೇಲೆ ಇರಬೇಕು.

ಅಡಿಕೆತೋಟ_ತೀರ್ಥಹಳ್ಳಿ · ಅದೇ ದಿನ

ಎಲೆಅಡಿಕೆ ಚೀಲದಲ್ಲಿ. ಬೇರೆ ಎಲ್ಲಿಟ್ಟರೂ ಮರೆಯುತ್ತೇನೆ, ಅದನ್ನು ಮಾತ್ರ ಮರೆಯಲ್ಲ ಅಂದರು. ಸುಣ್ಣ ತಾಗಿ ಸೀರಿಯಲ್ ನಂಬರಿನ ಕೊನೆಯ ಎರಡು ಅಂಕಿ ಅಳಿಸುವುದರಲ್ಲಿತ್ತು. ಒರೆಸಿ ಫೋಟೋ ತೆಗೆದು ತಮ್ಮಂದಿರಿಗೂ ಕಳಿಸಿದ್ದೇನೆ. ಈಗ ಒಂದು ಪ್ಲಾಸ್ಟಿಕ್ ಕವರ್ ಹಾಕಿ ಮತ್ತೆ ಅಲ್ಲೇ ಇಟ್ಟಿದ್ದೇವೆ.